ನಾನು ಬರೆದುಕೊಟ್ಟ ಸೇತುವೆ

ಆಚೆಕೇರಿಗೆ ಸೇತುವೆ ಆಗುವುದೇ ಇಲ್ಲ ಎಂದು ನಮ್ಮೂರಿನ ನೀರುಗಂಟಿ ಮರಿಯಪ್ಪ ಹೇಳಿದ್ದ. ನಾಲೆಯ ತೂಬು ಎತ್ತಿ ಇಳಿಸುತ್ತಲೇ ಮುದುಕನಾದವನು, ನೀರನ್ನೂ ಆಫೀಸನ್ನೂ ಕಂಡವನು. ‘ಬರ್ಕೊಳ್ಲಾ, ನಿನ್ ಕಾಲಕ್ಕೂ ಆಗಾಕಿಲ್ಲ’ ಎಂದಿದ್ದ. ನಾನು ಬರೆದೆ — ಆದರೆ, ಆಗಿದೆ ಎಂದು ಬರೆದೆ. ಇಲ್ಲದ ಸೇತುವೆಯನ್ನು ಇದೆ ಎಂದು ನನ್ನ ಕೈಯಾರೆ ಬರೆದು, ಕೆಳಗೆ ಸಹಿ ಮಾಡಿ, ಹೆಸರಿನ ಮುಂದೆ ಬಿ.ಎ. ಎಂದು ಸೇರಿಸಿ ಕೊಟ್ಟೆ. ಹನ್ನೆರಡು ವರ್ಷ ನಾನು ಮುಚ್ಚಿಟ್ಟುಕೊಂಡು ಬಂದದ್ದು ಇದನ್ನೇ.

ನಮ್ಮೂರು ಕೆ.ಆರ್. ನಗರ ತಾಲ್ಲೂಕಿನದು. ಹೊಸ ಅಗ್ರಹಾರದಲ್ಲಿ ಬಸ್ಸಿಳಿದು ಗದ್ದೆಗಳ ನಡುವೆ ಒಳಕ್ಕೆ ನಡೆಯಬೇಕು. ಊರಿಗೂ ಆಚೆಕೇರಿಗೂ ನಡುವೆ ನಾಲೆ. ಆಚೆ ಹನ್ನೊಂದು ಮನೆ. ಅದರಲ್ಲೊಂದು ನನ್ನ ಸೋದರತ್ತೆ ಕೆಂಪಮ್ಮನದು, ಅಪ್ಪನ ಬೆನ್ನಿಗೆ ಹುಟ್ಟಿದ ತಂಗಿ. ದಾಟಲು ಎರಡು ತೆಂಗಿನ ದಿಮ್ಮಿ ಹಾಕಿದ್ದರು. ಬೇಸಿಗೆಯಲ್ಲಿ ಅದರ ಮೇಲೆ ಮಕ್ಕಳು ಓಡಿಯೇ ದಾಟುತ್ತಿದ್ದವು. ಭತ್ತಕ್ಕೆ ನೀರು ಬಿಟ್ಟ ಮೇಲೆ ಮಾತ್ರ ದಿಮ್ಮಿಯ ಹೊಟ್ಟೆಗೆ ನೀರು ತಾಗಿ, ಪಾಚಿ ಹಿಡಿದು, ಕಾಲಿಟ್ಟರೆ ದಿಮ್ಮಿಯೇ ಉಸಿರಾಡಿದಂತೆ ಆಗುತ್ತಿತ್ತು. ಸುತ್ತಿ ಬರುವುದಾದರೆ ತೂಬಿನ ಕಡೆಯಿಂದ ಮುಕ್ಕಾಲು ಗಂಟೆಯ ದಾರಿ.

ನಮ್ಮ ಮನೆತನದಲ್ಲಿ ಡಿಗ್ರಿ ಮುಟ್ಟಿದ ಮೊದಲನೆಯವನು ನಾನು. ಇದನ್ನು ಇವತ್ತೂ ಹೆಮ್ಮೆಯಿಂದಲೇ ಬರೆಯುತ್ತೇನೆ, ಯಾರೂ ನನಗೆ ಅದನ್ನು ಕೈಯಲ್ಲಿಟ್ಟು ಕೊಡಲಿಲ್ಲ. ಬೆಳಿಗ್ಗೆ ಹಾಲು ಹಾಕಿ, ಏಳೂವರೆ ಬಸ್ಸಿಗೆ ಜೋತುಬಿದ್ದು, ಎರಡು ಅಂಗಿಯಲ್ಲಿ ಮೂರು ವರ್ಷ ಕಳೆದು ಪಡೆದದ್ದು. ಆಚೆಕೇರಿಯಿಂದ ಕೆಂಪಮ್ಮತ್ತೆ ದಿಮ್ಮಿ ದಾಟಿ ಬಂದು, ನನ್ನ ಪರೀಕ್ಷೆಯ ದಿನಗಳಲ್ಲಿ ಬುತ್ತಿ ಕೊಟ್ಟು ಹೋಗುತ್ತಿದ್ದಳು. ಆದರೆ ಆ ಹೆಮ್ಮೆಯೊಳಗೆ ಒಂದು ಹಸಿವೂ ಇತ್ತು — ಈಗ ಗೊತ್ತಾಗುತ್ತದೆ. ಊರಿನ ಕಟ್ಟೆಯ ಮುಂದೆ ನಮ್ಮಪ್ಪ ಟವೆಲ್ಲು ಕಂಕುಳಲ್ಲಿಟ್ಟುಕೊಂಡು ನಿಂತೇ ಮಾತಾಡಿದವನು. ಕಾಮಗಾರಿ ಉಸ್ತುವಾರಿಗೆಂದು ಊರಲ್ಲಿ ಸಮಿತಿ ಮಾಡಿ, ‘ಓದಿದೋನು ಬರೀಲಿ’ ಎಂದು ನನ್ನನ್ನು ಕಾರ್ಯದರ್ಶಿ ಮಾಡಿದಾಗ, ಅಧ್ಯಕ್ಷ ನಂಜುಂಡಪ್ಪನವರು ತಮ್ಮ ಪಕ್ಕಕ್ಕೆ ಒಂದು ಕುರ್ಚಿ ಎಳೆದು, ‘ಕೂತ್ಕೊಳಿ’ ಎಂದರು. ಕೂತ್ಕೋ ಎನ್ನಲಿಲ್ಲ. ಆ ಒಂದು ಅಕ್ಷರ...

ಸಮಿತಿಯ ಕೆಲಸ ನಡೆಯುತ್ತಿದ್ದ ರೀತಿ ಹೇಳಬೇಕು. ಸಭೆ ಎಂದು ಎಲ್ಲರೂ ಒಂದೆಡೆ ಕೂರುವುದು ಕಡಿಮೆ. ನಡಾವಳಿ ಪುಸ್ತಕವೇ ಮನೆಯಿಂದ ಮನೆಗೆ ಹೋಗುತ್ತಿತ್ತು. ಒಬ್ಬರು ಕಣದಲ್ಲಿ, ಒಬ್ಬರು ಟೀ ಅಂಗಡಿಯಲ್ಲಿ ಸಹಿ ಹಾಕುತ್ತಿದ್ದರು. ಸಹಿಗಳ ಮೇಲೆ ಅರ್ಧ ಪುಟ ಖಾಲಿ ಬಿಡುವುದು ರೂಢಿ. ಏನು ತೀರ್ಮಾನವಾಯಿತು ಎಂಬುದನ್ನು ಆಮೇಲೆ ನಾನು ತುಂಬಬೇಕು. ಮೊದಮೊದಲು ಅದು ತಪ್ಪೆಂದು ನನಗೆ ಅನ್ನಿಸಲೂ ಇಲ್ಲ. ಖಾಲಿ ಅರ್ಧ ಪುಟವನ್ನು ದುಂಡನೆಯ ಅಕ್ಷರಗಳಿಂದ ತುಂಬುವುದು ಎಷ್ಟು ಚೆಂದದ ಕೆಲಸವಾಗಿತ್ತೆಂದರೆ — ಇರಲಿ.

ಆಚೆಕೇರಿಗೆ ಕಾಲುಸೇತುವೆ ಮಂಜೂರಾಯಿತು. ಕಲ್ಲುಚಪ್ಪಡಿ, ಸಿಮೆಂಟು, ಕಬ್ಬಿಣ ನಾಲೆಯ ದಡಕ್ಕೆ ಬಂದು ಬಿತ್ತು. ಅತ್ತೆ ಆ ಚಪ್ಪಡಿಗಳ ಮೇಲೆ ಹಪ್ಪಳ ಒಣಗಿಸಿದಳು. ಒಂದು ವಾರ. ಆಮೇಲೆ ಎಲ್ಲವೂ ಟ್ರ್ಯಾಕ್ಟರ್ ಹತ್ತಿ ನಂಜುಂಡಪ್ಪನವರ ಅಕ್ಕಿ ಗಿರಣಿಯ ದಾರಿಗೆ ಹೋಯಿತು. ಅಲ್ಲಿನ ಕಿರುಗಾಲುವೆಗೆ ಮೋರಿಯಾಯಿತು. ಕಂಟ್ರಾಕ್ಟರು ಆಚೆಕೇರಿಯ ಕಾಮಗಾರಿಯ ಬೋರ್ಡನ್ನು ಆ ಮೋರಿಯ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಸಿದ. ಬೋರ್ಡು ಹಿಡಿದು ನಿಂತವನು ನಾನೇ. ಫೋಟೋದಲ್ಲಿ ನನ್ನ ಬೆರಳುಗಳು ಮಾತ್ರ ಕಾಣುತ್ತವೆ.

ಅಂದು ಗಿರಣಿಯ ಜಗಲಿಯಲ್ಲಿ ನಂಜುಂಡಪ್ಪನವರು ಗದರಲಿಲ್ಲ, ಆಸೆಯನ್ನೂ ತೋರಿಸಲಿಲ್ಲ. ಸುಮ್ಮನೆ ನಗುತ್ತಾ ಹೇಳಿದರು: ‘ಮುಂದಿನ್ ಸಲ ಆಚೆಕೇರಿದೇ ಮೊದಲ್ನೇದು ಕಣಪ್ಪ. ಈಗ ಕೆಲ್ಸ ಮುಗೀತು ಅಂತ ಸಮಿತಿ ಕಡೆಯಿಂದ ಒಂದ್ ಸರ್ಟಿಫಿಕೇಟ್ ಬರ್ದ್ಕೊಟ್ಬುಡಿ. ನಿಮ್ ಬರವಣಿಗೆ ಮುಂದೆ ಇಂಜಿನಿಯರ್ ಮರುಮಾತಾಡಲ್ಲ.’

ಇಷ್ಟೇ. ಅಷ್ಟಕ್ಕೇ ಬರೆದುಕೊಟ್ಟೆ.

ಬರೆಯುವಾಗ ಕೈ ನಡುಗಿತೆಂದು ಹೇಳಿದರೆ ಸುಳ್ಳಾಗುತ್ತದೆ. ಹಿತವಾಗಿತ್ತು. ಬರೆಯುತ್ತಾ ಬರೆಯುತ್ತಾ ಸೇತುವೆ ನನಗೇ ಕಾಣತೊಡಗಿತು — ಉದ್ದ, ಅಗಲ, ಕೆಳಗೆ ಸದ್ದಿಲ್ಲದೆ ಹರಿಯುವ ನೀರು, ಅದರಲ್ಲಿ ಮುರಿಯುತ್ತಾ ಕೂಡುತ್ತಾ ಇರುವ ಸೇತುವೆಯ ನೆರಳು. ಅಷ್ಟು ಒಳ್ಳೆಯ ಸೇತುವೆ ನಮ್ಮ ತಾಲ್ಲೂಕಿನಲ್ಲೇ ಇರಲಾರದು. ಮುಗಿಸಿ ತಲೆಯೆತ್ತಿದಾಗ ಗಿರಣಿಯ ತೌಡಿನ ಧೂಳು ಬಿಸಿಲಲ್ಲಿ ತೇಲುತ್ತಿತ್ತು. ನಾನು ಎಲ್ಲಿದ್ದೇನೆಂದು ಒಂದು ಕ್ಷಣ ತಿಳಿಯಲಿಲ್ಲ.

ಮುಂದಿನ ವರ್ಷ ಆಚೆಕೇರಿಯವರು ಮತ್ತೆ ಅರ್ಜಿ ಕೊಟ್ಟರು. ಆಫೀಸಿನಲ್ಲಿ ಹುಡುಕಿ ನೋಡಿ, ನಿಮ್ಮ ಕೇರಿಗೆ ಸೇತುವೆ ಆಗಿದೆಯಲ್ಲ, ಒಂದೇ ಜಾಗಕ್ಕೆ ಎರಡು ಸಲ ಕೊಡಲು ಬರುವುದಿಲ್ಲ ಎಂದು ವಾಪಸು ಕಳಿಸಿದರು. ನನ್ನ ಕಾಗದಕ್ಕೆ ಇಂಥದ್ದೊಂದು ಶಕ್ತಿ ಇದೆಯೆಂದು ನಾನು ಯೋಚಿಸಿರಲಿಲ್ಲ. ಮುಂದೆ ಆಗುವುದನ್ನೂ ಅದು ತಡೆದು ಕೂತಿತ್ತು. ಅತ್ತೆ ಸೀದಾ ನನ್ನ ಬಳಿ ಬಂದಳು. ‘ಆಪೀಸ್ನಲ್ಲಿ ಆಗೈತೆ ಅಂತಾರಲ್ಲಪ್ಪ. ಅದ್ಯಾರು ಅಂಗೆ ಬರ್ದವ್ರೋ. ನೀನು ಓದ್ದೋನು, ವಸಿ ನೋಡು’ ಎಂದಳು.

‘ಕೇಳಿ ನೋಡ್ತೀನತ್ತೆ’ ಎಂದೆ.

ಮೊದಲ ಸುಳ್ಳನ್ನು ಕಾಗದದ ಮೇಲೆ ಬರೆದಿದ್ದೆ. ಇದನ್ನು ಅವಳ ಮುಖ ನೋಡಿಕೊಂಡು ಹೇಳಿದೆ. ಯಾವುದು ದೊಡ್ಡದು ಎಂದು ನೀವು ಕೇಳಿದರೆ — ನನಗೆ ಗೊತ್ತು.

ಅತ್ತೆಯ ಮಗಳು ಲತಾ ಆಗ ಒಂಬತ್ತನೇ ತರಗತಿ. ಲೆಕ್ಕದಲ್ಲಿ ನನಗಿಂತ ಚುರುಕು. ನಮ್ಮ ಪೈಕಿ ಎರಡನೇ ಡಿಗ್ರಿ ಅವಳದೇ ಎಂದು ಅಪ್ಪ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದ. ನಾಲೆ ತುಂಬಿದ್ದ ಒಂದು ಬೆಳಿಗ್ಗೆ ದಿಮ್ಮಿಯ ಮೇಲೆ ಅವಳ ಕಾಲು ಜಾರಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಸೀರೆ ಎಸೆದು ಎಳೆದುಕೊಂಡರು. ಜೀವ ಉಳಿಯಿತು. ಚೀಲ ಹೋಯಿತು. ನಾನು ಓಡಿ ಬರುವಷ್ಟರಲ್ಲಿ ಪುಸ್ತಕಗಳು ನೀರಿನ ಮೇಲೆ ಒಂದೊಂದಾಗಿ ಹಾಳೆ ಬಿಚ್ಚಿಕೊಂಡು, ಯಾವ ಅವಸರವೂ ಇಲ್ಲದೆ, ಬಿಸಿಲು ಕಾಯಿಸುತ್ತಾ ಹೋಗುತ್ತಿದ್ದವು. ಎಷ್ಟು ಸುಂದರವಾಗಿತ್ತು ಎಂದು ಅನ್ನಿಸಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಆಮೇಲೆ ಮಾವ ಅವಳನ್ನು ಶಾಲೆಗೆ ಕಳಿಸಲಿಲ್ಲ. ನಾನು ಹೋಗಿ ಬುದ್ಧಿ ಹೇಳಿದೆ. ಹೌದು, ನಾನೇ — ಹೆಣ್ಣುಮಕ್ಕಳನ್ನು ಓದಿಸಬೇಕು ಎಂದು ಜಗಲಿಯಲ್ಲಿ ಕೂತು ಭಾಷಣ ಮಾಡಿದೆ. ಮಾವ ಕೇಳಿಸಿಕೊಂಡು, ‘ಸೇತ್ವೆ ಆಗ್ಲಿ, ಕಳಿಸ್ತೀನಿ’ ಎಂದರು. ಎದ್ದು ಬಂದೆ.

ನಂತರ ಬಿ.ಎಡ್. ಆಯಿತು, ಹುಣಸೂರಿನ ಒಂದು ಶಾಲೆಯಲ್ಲಿ ಕೆಲಸವಾಯಿತು, ಮದುವೆಯೂ ಆಯಿತು. ಅಪ್ಪ ತೀರಿಕೊಂಡ. ಲತಾಳಿಗೆ ಮನೆಯಳಿಯನನ್ನು ತಂದರು, ಅವಳು ಆಚೆಕೇರಿಯಲ್ಲೇ ಉಳಿದಳು. ಊರಿಗೆ ಹೋಗುವ ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿಗೆ ತಲೆಯೊರಗಿಸಿದರೆ ಆ ಸೇತುವೆ ಬರುತ್ತದೆ. ಬಿಳಿಯದು. ಅದರ ಮೇಲೆ ಎಲ್ಲರೂ ಓಡಾಡುತ್ತಿರುತ್ತಾರೆ — ಹುಲ್ಲಿನ ಹೊರೆ ಹೊತ್ತವರು, ಹಸು ಹೊಡೆದುಕೊಂಡು ಹೋಗುವವರು, ಯೂನಿಫಾರ್ಮಿನಲ್ಲಿ ಲತಾ. ಅವಳಿಗೆ ವಯಸ್ಸೇ ಆಗಿರುವುದಿಲ್ಲ. ನಾನು ದಡದಲ್ಲಿ ನಿಂತಿರುತ್ತೇನೆ. ಕಾಲು ಎತ್ತಿದರೆ ಅಲ್ಲಿ ಏನೂ ಇಲ್ಲ ಎಂದು ನನ್ನೊಬ್ಬನಿಗೇ ಗೊತ್ತಿರುತ್ತದೆ, ಆದರೆ ಬಾಯಿ ಬಿಟ್ಟರೆ ಅವರೆಲ್ಲ ಬಿದ್ದುಹೋಗುತ್ತಾರೆ ಎಂಬ ಭಯ. ಅಷ್ಟರಲ್ಲಿ ಕಂಡಕ್ಟರು ನಿಲ್ದಾಣದ ಹೆಸರು ಕೂಗುತ್ತಾನೆ.

ಈ ವರ್ಷ ಅತ್ತೆ ಫೋನು ಮಾಡಿದಳು. ಲತಾಳ ಮಗಳಿಗೆ ಆರು ತುಂಬಿತಂತೆ. ಹುಣಸೂರಿನಲ್ಲಿ ಹಾಸ್ಟೆಲ್ ಸಿಗುತ್ತದೆಯೇ ಎಂದು ಕೇಳಿದಳು. ಅಷ್ಟು ಚಿಕ್ಕದಕ್ಕೆ ಹಾಸ್ಟೆಲ್ ಏಕತ್ತೆ ಎಂದೆ. ‘ನಾಲೆ ದಾಟ್ಸಾಕೆ ನಂಗಿನ್ನು ಧೈರ್ಯ ಇಲ್ಲ ಕಣಪ್ಪ’ ಎಂದಳು.

ಅಂದೇ ಕೂತು ಬರೆದೆ. ಆಚೆಕೇರಿಯ ಸೇತುವೆ ಕಟ್ಟಿಯೇ ಇಲ್ಲ, ಕಟ್ಟಿದೆ ಎಂದು ನಾನು ಕೊಟ್ಟದ್ದು ಸುಳ್ಳು ದೃಢೀಕರಣ, ಫೋಟೋ ಗಿರಣಿ ದಾರಿಯದು, ಬೋರ್ಡು ಹಿಡಿದ ಕೈ ನನ್ನದು. ಪಂಚಾಯ್ತಿಯ ಅಧಿಕಾರಿ ಎರಡು ಸಲ ಓದಿ, ‘ಮೇಷ್ಟ್ರೇ, ಇದು ನಿಮ್ ನೌಕ್ರಿಗೇ ಬರುತ್ತೆ, ವಾಪಸ್ ತಗೊಂಡ್ಹೋಗಿ’ ಎಂದರು. ಹೆಂಡತಿಗೂ ಹೇಳಿ ಬಂದಿದ್ದೇನೆ, ಸೀಲು ಹಾಕಿಕೊಡಿ ಎಂದೆ. ಕೆಲಸ ಉಳಿಯುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಕೇಳಿದಲ್ಲೆಲ್ಲ ಹೋಗಿ ಇದನ್ನೇ ಹೇಳುತ್ತೇನೆ.

ಅಲ್ಲಿಂದ ದಿಮ್ಮಿ ದಾಟಿ ಅತ್ತೆಯ ಮನೆಗೆ ಹೋದೆ. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದಳು. ಬಾಯಲ್ಲಿ ಹೇಳಲು ಹೋಗಿ ಆಗಲಿಲ್ಲ. ಹಳೆಯ ಸರ್ಟಿಫಿಕೇಟಿನ ನಕಲನ್ನು ಲತಾಳ ಕೈಗೆ ಕೊಟ್ಟು, ಗಟ್ಟಿಯಾಗಿ ಓದು ಎಂದೆ. ಅವಳು ತಡೆತಡೆದು, ಒಂದೂ ಪದ ಬಿಡದೆ, ಕೊನೆಯ ಸಹಿಯವರೆಗೂ ಓದಿದಳು. ಬಿ.ಎ. ಎಂಬುದನ್ನೂ ಓದಿದಳು. ಕಾಗದವನ್ನು ಮಡಿಚಿ ತನ್ನ ಬಳಿಯೇ ಇಟ್ಟುಕೊಂಡಳು. ನನ್ನ ಕಡೆ ನೋಡಲಿಲ್ಲ.

ಅತ್ತೆಯ ಕೈ ನಿಂತಿತ್ತು. ಕೇಳಿದಳು: ‘ನಮ್ಮಣ್ಣನ್ಗೆ ಇದು ಗೊತ್ತಿತ್ತೇನ್ಲಾ?’

ಇಲ್ಲ ಎಂದೆ. ಅದು ನಿಜ.

‘ಅಷ್ಟಾದ್ರೂ ಆಯ್ತು ಬುಡು’ ಎಂದು ಅತ್ತೆ ಮತ್ತೆ ಕಾಯಿ ಬಿಡಿಸತೊಡಗಿದಳು.