ನೋವಿಗೆ ಕೊಟ್ಟ ತಾರೀಖು

ವಿನೋದಾಳ ನೋವು, ಮನೆಗೆ ಬಂದವರ ಎದುರು ಮುಖ ತೋರಿಸುತ್ತಿರಲಿಲ್ಲ. ಸೊಂಟದಲ್ಲಿ ಹುಟ್ಟಿ, ಎಡಗಾಲಿನ ಹಿಂಬದಿಯಿಂದ ಹಿಮ್ಮಡಿಯವರೆಗೆ ಕಾದ ತಂತಿ ಎಳೆದ ಹಾಗೆ ಇಳಿಯುವ ನೋವು ಅದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬಂದ ವಿಷಮಜ್ವರ ಹೋಗುವಾಗ ಅದನ್ನು ಅವಳಲ್ಲಿ ಬಿಟ್ಟುಹೋಗಿತ್ತು. ಹೆಣ್ಣು ನೋಡುವವರು ಬರತೊಡಗಿದ್ದೂ ಅದೇ ವರ್ಷ. ಉಡುಪಿಯಿಂದ ಬಂದರು, ಕಾಸರಗೋಡಿನಿಂದ ಬಂದರು, ಒಮ್ಮೆ ಕೊಯಮತ್ತೂರಿನಿಂದಲೂ ಬಂದರು. ಪ್ರತಿ ಸಲವೂ ಅಮ್ಮ ಸುಮಿತ್ರಮ್ಮ ಅಡುಗೆಮನೆಯಲ್ಲಿ ಮಗಳ ಕಿವಿಗೆ ಹೇಳುತ್ತಿದ್ದದ್ದು ಒಂದೇ ಮಾತು: "ಬೆನ್ನು ನೆಟ್ಟಗೆ ಇಡು. ಮುಖ ಗಂಟು ಹಾಕ್ಬೇಡ. ಕಾಫಿ ಕೊಟ್ಟು ಒಳಗೆ ಬರುವಷ್ಟು ಹೊತ್ತು ಅಷ್ಟೇ ಅಲ್ವಾ?"

ಸಂಬಂಧಗಳೆಲ್ಲ ಒಂದೊಂದು ನೆಪದಲ್ಲಿ ತಪ್ಪಿಹೋದವು. ಕಲಿತ ವಿದ್ಯೆ ಮಾತ್ರ ಉಳಿಯಿತು. ಇಪ್ಪತ್ತೊಂಬತ್ತು ತುಂಬಿದ ವಿನೋದಾ, ಕಾಲೊಳಗೆ ಬೆಂಕಿ ಇಟ್ಟುಕೊಂಡು, ಫೋಟೋ ತೆಗೆಸಿಕೊಳ್ಳುವವಳ ಹಾಗೆ ಕೂರಬಲ್ಲವಳಾಗಿದ್ದಳು. ಅಪ್ಪನ ಕೆಲಸಕ್ಕೆಂದು ತ್ರಿಪ್ಪುಣಿತ್ತುರದಲ್ಲಿ ಹಿಡಿದಿದ್ದ ಬಾಡಿಗೆ ಮನೆಯ ಪಕ್ಕದವರು ಬೇಲಿಯಾಚೆಯಿಂದ "ಹೇಗಿದ್ದೀ ಮೋಳೇ?" ಎಂದು ಮಲಯಾಳದಲ್ಲಿ, ಮಗಳೆಂದು ಕರೆದು, ವಿಚಾರಿಸಿದರೆ, "ಸಾರಮಿಲ್ಲ ಚೇಚಿ" ಎನ್ನುತ್ತಿದ್ದಳು. ಪರವಾಗಿಲ್ಲ ಅಕ್ಕ ಎನ್ನುವುದಕ್ಕೆ ಅಲ್ಲಿ ಅದೇ ಮಾತು. ಟೈಪಿಂಗ್ ಕಲಿತು ಎರ್ನಾಕುಲಂನ ರಫ್ತು ಕಚೇರಿಯೊಂದಕ್ಕೆ ಕೆಲವು ತಿಂಗಳು ಹೋಗಿದ್ದಳು. ಅಲ್ಲಿನ ಕುರ್ಚಿಯೇ ಅವಳನ್ನು ಸೋಲಿಸಿತು. ಗಳಿಗೆಗೊಮ್ಮೆ ಎದ್ದು ನಿಲ್ಲುವ ಹುಡುಗಿಗೆ ಮೈಗಳ್ಳತನ ಎಂದು ಮ್ಯಾನೇಜರು ತೀರ್ಮಾನಿಸಿದ. ಅವಳೂ ತಿದ್ದಲು ಹೋಗಲಿಲ್ಲ.

ತಮ್ಮ ದಿನಕರ ಎರ್ನಾಕುಲಂನ ಬ್ಯಾಂಕೊಂದರಲ್ಲಿ ಗುಮಾಸ್ತ. ಅವನಿಗೆ ತನ್ನ ಬುದ್ಧಿಯ ಮೇಲೆ ಅಪಾರ ಭರವಸೆ. ಬೇರೆ ಯಾರಿಗೂ ಇರಲಿಲ್ಲವಾದ್ದರಿಂದ ಆ ಭಾರವನ್ನು ಅವನೊಬ್ಬನೇ ಹೊರಬೇಕಾಗಿತ್ತು. ಬೆಲ್‌ಬಾಟಂ ಹೊಲಿಸಿಕೊಂಡಿದ್ದ, ಅದರ ಅಗಲಕ್ಕೆ ತಕ್ಕ ಕಾಲುಗಳಿರಲಿಲ್ಲ. ಮೀಸೆ ಬಿಟ್ಟಿದ್ದ, ಮೀಸೆ ಇನ್ನೂ ಒಪ್ಪಿರಲಿಲ್ಲ. ಇಷ್ಟೆಲ್ಲ ನೋಡಿಯೂ ಕಾಸರಗೋಡಿನ ಹರಿಣಾಕ್ಷಿ ಎಂಬ ಹುಡುಗಿಯ ಮನೆಯವರು ಅವನನ್ನು ಮೆಚ್ಚಿದ್ದರು. ಮಾತುಕತೆ ಮುಗಿಸಿ ಹೊರಟಾಗ ಹುಡುಗಿಯ ಸೋದರಮಾವ ಚಪ್ಪಲಿ ಮೆಟ್ಟುತ್ತ, ಮಳೆಯ ವಿಷಯ ಕೇಳುವವನಂತೆ ಕೇಳಿದ್ದ: "ನಿಮ್ಮ ಅಕ್ಕ ಮುಂದೆ ಯಾರೊಟ್ಟಿಗೆ ಇರುದು?"

ದಿನಕರ ನಕ್ಕಿದ್ದ. ಉತ್ತರವಿಲ್ಲದಾಗ ನಗುವುದು ಕೌಂಟರಿನಲ್ಲಿ ಕೂತು ಕಲಿತದ್ದು.

ಅದು ೧೯೭೫ರ ಕೊನೆ. ತುರ್ತು ಪರಿಸ್ಥಿತಿಯ ಭಯಕ್ಕೆ ಎಲ್ಲ ಕಚೇರಿಗಳಲ್ಲಿ ಜನ ಸರಿಯಾದ ಹೊತ್ತಿಗೆ ಬಂದು, ಮಾಡಲು ತೋಚದೆ ಒಬ್ಬರ ಮುಖ ಒಬ್ಬರು ನೋಡುತ್ತ ಕೂರುತ್ತಿದ್ದ ಕಾಲ. ಅಪ್ಪ ದಾಮೋದರ ರಾಯರು ವಿಲಿಂಗ್ಡನ್ ದ್ವೀಪದಲ್ಲಿದ್ದ ಕೇಂದ್ರ ಸರಕಾರದ ಕಚೇರಿಯೊಂದಕ್ಕೆ ಹೋಗುತ್ತಿದ್ದವರು. ನಿವೃತ್ತಿ ಹತ್ತಿರವಾಗಿತ್ತು. ಆ ವರ್ಷ ಅವರ ಪಾದಗಳು ಊದತೊಡಗಿದವು. ಬೂಟು ಹಿಡಿಸದೆ ಚಪ್ಪಲಿಗೆ ಇಳಿದರು. ಸಂಜೆ ಬಸ್ಸಿನಿಂದ ಮನೆಯವರೆಗಿನ ದಾರಿಯಲ್ಲಿ ಯಾರ್ಯಾರದೋ ಗೇಟು ಹಿಡಿದು ನಿಂತು, ಹೂ ನೋಡುವವರಂತೆ ನಟಿಸಿ, ಉಸಿರು ಕೂಡಿಸಿಕೊಂಡು ಮುಂದೆ ನಡೆಯುತ್ತಿದ್ದರು. ಹೃದಯದ ಕೆಲಸ ಕೆಟ್ಟಿದೆ ಎಂದು ಡಾಕ್ಟರು ಹೇಳಿದ್ದನ್ನು ಮಗನಿಗೆ ಮಾತ್ರ ಹೇಳಿದ್ದರು.

ಕಚೇರಿಗೆ ಬಂದಿದ್ದ ಹೊಸ ಆದೇಶವೊಂದರ ಸುದ್ದಿಯನ್ನು ಹಿಡಿದುಕೊಂಡು ಬಂದವರೂ ಅವರೇ. ನೌಕರ ತೀರಿಕೊಂಡರೆ ಪಿಂಚಣಿ ಹೆಂಡತಿಗೆ ಸಿಗುತ್ತದೆ. ಅವಳ ನಂತರ ಪ್ರಾಯ ಮೀರಿದ ಮಗಳಿಗೆ ಏನೂ ಇಲ್ಲ. ಆದರೆ ಆ ಮಗಳು ದುಡಿದು ತಿನ್ನಲಾಗದಷ್ಟು ಅಂಗ ಊನವಾದವಳಾಗಿದ್ದರೆ ಅವಳು ಬದುಕಿರುವವರೆಗೂ ಸಿಗುತ್ತದೆ. ಸರಕಾರಿ ವೈದ್ಯರು ಹಾಗೆಂದು ಬರೆದುಕೊಡಬೇಕು, ಅಷ್ಟೆ.

"ನಾನು ಇರುವಾಗಲೇ ಮಾಡಿ ಮುಗಿಸುವ" ಎಂದರು ರಾಯರು. ಯಾಕೆ ಇಷ್ಟು ಅವಸರ ಎಂದು ಅಮ್ಮ ಕೇಳಲಿಲ್ಲ. ಅಮ್ಮ ಕೇಳದೆ ಇದ್ದದ್ದು ನೋಡಿ, ಅವಳಿಗೂ ಗೊತ್ತಾಗಿರಬೇಕು ಎಂದು ದಿನಕರನಿಗೆ ಅನಿಸಿತು.

ಊರಿನ ಸರಕಾರಿ ಸರ್ಜನ್ನರ ಹತ್ತಿರ ಹೋಗುವ ದಿನ ಅಮ್ಮ ಮಗಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ ಉಡಿಸಿದಳು, ಮಲ್ಲಿಗೆ ಮುಡಿಸಿದಳು. ದೊಡ್ಡ ಮನುಷ್ಯರ ಎದುರು ಹೋಗುವಾಗ ಭಿಕ್ಷುಕರ ಹಾಗೆ ಹೋಗಲಿಕ್ಕಾಗುತ್ತದೆಯೇ? ನೋವಿನ ಮಾತ್ರೆಯನ್ನೂ ಮರೆಯದೆ ಕೊಟ್ಟಳು. ವಿನೋದಾ ಬೆನ್ನು ನೆಟ್ಟಗೆ ಮಾಡಿ ಕೂತಳು. ಸರ್ಜನ್ನರು ಮೊಣಕಾಲಿಗೆ ಸುತ್ತಿಗೆಯಿಂದ ಕುಟ್ಟಿ, ಎಕ್ಸರೇಯನ್ನು ಕಿಟಕಿಗೆ ಹಿಡಿದು ನೋಡಿ, "ಇವರು ನನಗಿಂತ ಗಟ್ಟಿಯಾಗಿದ್ದಾರೆ. ಮದುವೆ ಮಾಡಿ" ಎಂದರು. ರಾಯರು ಎದ್ದು ಹೋಗಲಿಲ್ಲ. ಕಡೆಗೆ ಬೇಸತ್ತ ಸರ್ಜನ್ನರು ತಿರುವನಂತಪುರದ ಮೆಡಿಕಲ್ ಬೋರ್ಡಿಗೆ ಬರೆದರು. ಬೋರ್ಡು ಒಂದು ಗುರುವಾರ ಬರಬೇಕೆಂದು ತಿಳಿಸಿತು.

ದಿನಕರನ ಬುದ್ಧಿ ಕೆಲಸಕ್ಕೆ ಇಳಿದದ್ದು ಆಗ.

"ಅಲ್ಲ, ಮಾತ್ರೆ ತಿನ್ನಿಸಿ, ಹೂ ಮುಡಿಸಿ ಕರ್ಕೊಂಡು ಹೋದ್ರೆ ಅವರಿಗಾದ್ರೂ ಎಂತ ಕಾಣ್ತದೆ?" ಎಂದ ಊಟದ ಹೊತ್ತಿನಲ್ಲಿ. "ಸೋಮವಾರದಿಂದ ಮಾತ್ರೆ ನಿಲ್ಲಿಸುವ. ಬಿಸಿನೀರಿನ ಶಾಖ ಬೇಡ. ರೈಲಲ್ಲಿ ಮಲಗಿಸಿಕೊಂಡು ಹೋಗುದೂ ಬೇಡ, ಬಸ್ಸಲ್ಲಿ ಹೋಗುವ. ಆ ಕುಲುಕಾಟಕ್ಕೆ ಗುರುವಾರ ಬೆಳಿಗ್ಗೆ ಸರಿಯಾಗಿ ಬರ್ತದೆ."

"ಎಂತ ಬರ್ತದೆ?" ಎಂದಳು ಅಮ್ಮ.

"ನೋವು."

"ನಿನ್ನ ಬಾಯಿಗೆ ಹುಳ ಬೀಳ!"

ರಾಯರು ತಟ್ಟೆಯ ಅನ್ನವನ್ನು ಒಂದು ಕಡೆಗೆ ಒತ್ತರಿಸಿದರು, ಮತ್ತೆ ಇನ್ನೊಂದು ಕಡೆಗೆ ಒತ್ತರಿಸಿದರು. ನಕ್ಕವಳು ವಿನೋದಾ ಒಬ್ಬಳೇ.

"ಭೇಷ್ ಮಾರಾಯ. ಬ್ಯಾಂಕಿನವರಲ್ವಾ, ಅಡವು ಇಡುವ ವಸ್ತು ಕಣ್ಣಿಗೆ ಕಾಣ್ಬೇಕು."

"ಬೇಡದಿದ್ರೆ ಬಿಡು ಅಕ್ಕ."

"ಬೇಡ ಅಂತ ಯಾರು ಹೇಳಿದ್ದು? ಮಾತ್ರೆ ಡಬ್ಬಿ ನೀನೇ ಇಟ್ಕೋ. ನನ್ನ ಹತ್ರ ಇದ್ರೆ ನಾನು ತಿಂದುಬಿಡ್ತೇನೆ. ಮತ್ತೆ, ಅಲ್ಲಿ ಸಾರಮಿಲ್ಲ ಅಂತ ಹೇಳಿದ್ರೆ ನನ್ನ ಕಾಲು ತುಳಿ. ಎಡಗಾಲು."

ದಿನಕರ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡ. ಅಕ್ಕನ ಭವಿಷ್ಯಕ್ಕಾಗಿ ಇಷ್ಟು ತಲೆ ಓಡಿಸುವ ತಮ್ಮಂದಿರು ಎಷ್ಟು ಜನ ಇದ್ದಾರು ಎಂದುಕೊಂಡ. ಹರಿಣಾಕ್ಷಿಯ ಸೋದರಮಾವನ ಚಪ್ಪಲಿಗಳು ಮನಸ್ಸಿನ ಮೂಲೆಯಲ್ಲಿ ಕಂಡವು. ಅವುಗಳನ್ನು ಅಲ್ಲೇ ಇರಗೊಟ್ಟ.

ಆದರೆ ಸೋಮವಾರ ನೋವು ಬರಲಿಲ್ಲ. ಮಂಗಳವಾರವೂ ಇಲ್ಲ. ಕರೆಯದೆ ಬಂದು ವರ್ಷಗಟ್ಟಲೆ ಠಿಕಾಣಿ ಹೂಡಿದ್ದು, ಕರೆದಾಗ ಬಿಗುಮಾನ ತೋರಿಸತೊಡಗಿತು. ಬೆಳಿಗ್ಗೆ ಅಮ್ಮ "ಹೇಗುಂಟು?" ಎಂದು ಕೇಳುವಳು. "ಇವತ್ತು ಚೂರು ಕಡಿಮೆ" ಎಂದು ವಿನೋದಾ ಹೇಳಿದರೆ ಮನೆಯವರೆಲ್ಲರ ಮುಖ ಇಳಿಯುವುದು. ಹೇಳಿದವಳ ಮುಖವೂ, ತಪ್ಪು ಮಾಡಿದವಳಂತೆ. ದಿನಕರ ಬ್ಯಾಂಕಿನಲ್ಲಿ ಕೂತು, ಬೇರೆಯವರ ಸಹಿ ಹೋಲಿಸುತ್ತ, "ದೇವರೇ, ಬರಲಿ" ಎಂದು ಬೇಡಿಕೊಂಡ. ಯಾವ ದೇವರಿಗೆ ಹೇಳಿದ್ದು ಎಂದು ಅವನಿಗೇ ಸ್ಪಷ್ಟವಿರಲಿಲ್ಲ. ಅಂಥದ್ದನ್ನು ಕೇಳಿಸಿಕೊಳ್ಳುವ ದೇವರ ಹೆಸರು ಅವನಿಗೆ ಗೊತ್ತಿರಲಿಲ್ಲ.

ಮಂಗಳವಾರ ಸಂಜೆ ಅವನು ಮನೆಗೆ ಬಂದಾಗ ಹಿತ್ತಿಲ ಜಗಲಿಯಲ್ಲಿ ಅರೆಯುವ ಕಲ್ಲಿನ ಗರಗರ ಸದ್ದು ಕೇಳುತ್ತಿತ್ತು. ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೈ ಕಟ್ಟಿಕೊಂಡು ನಿಂತಿದ್ದಳು. ಹತ್ತು ವರ್ಷಗಳಿಂದ ಮಗಳನ್ನು ಆ ಕಲ್ಲಿನ ಹತ್ತಿರ ಹೋಗಗೊಡದ ಅಮ್ಮ. ಕಲ್ಲಿನ ಮುಂದೆ ನೆಲಕ್ಕೆ ಕೂತು, ಕಾಲು ಚಾಚಿಕೊಂಡು, ವಿನೋದಾ ಉದ್ದಿನಬೇಳೆ ಅರೆಯುತ್ತಿದ್ದಳು. ಯಾರು ಹೇಳಿ ಕೂರಿಸಿದ್ದೆಂದು ದಿನಕರ ಕೇಳಲಿಲ್ಲ. ಮರುದಿನ ಬೆಳಿಗ್ಗೆ ದೋಸೆ ತುಂಬ ಮೃದುವಾಗಿತ್ತು. ಎಲ್ಲರೂ ತಲೆ ತಗ್ಗಿಸಿ ತಿಂದರು.

ಬುಧವಾರ ರಾಯರು, ವಿನೋದಾ, ದಿನಕರ ಮೂವರೂ ಬಸ್ಸು ಹತ್ತಿದರು. ಹಿಂದಿನ ಚಕ್ರದ ಮೇಲಿನ ಸೀಟನ್ನು ದಿನಕರನೇ ಆರಿಸಿದ. ಆಲಪ್ಪುಳ ದಾಟಿತು, ಕೊಲ್ಲಂ ದಾಟಿತು. ವಿನೋದಾ ಕಿಟಕಿಯಾಚೆಯ ಬೋರ್ಡುಗಳನ್ನು ಓದಿ ಹೇಳುತ್ತ, ನಗುತ್ತ ಬರುತ್ತಿದ್ದಳು. ಕಳಕ್ಕೂಟಂ ಸಮೀಪಿಸುವಾಗ ಓದುವುದು ನಿಂತಿತು. ದಿನಕರ ತಿರುಗಿ ನೋಡಿದ. ಮುಂದಿನ ಸೀಟಿನ ಕಂಬಿ ಹಿಡಿದಿದ್ದ ಅವಳ ಬೆರಳುಗಳು ಬಿಳಿಚಿದ್ದವು. ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು.

"ಬಂತಾ?" ಎಂದ. ದನಿಯಲ್ಲಿದ್ದ ಸಂತೋಷ ಅವನ ಕಿವಿಗೇ ಕೇಳಿಸಿತು.

ವಿನೋದಾ ಅವನನ್ನು ನೋಡಿದಳು. ಹಾಗೆ ಅವಳು ಅವನನ್ನು ಎಂದೂ ನೋಡಿರಲಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು, ನಿದ್ದೆ ಮಾಡುತ್ತಿರಲಿಲ್ಲ.

ಗುರುವಾರ ಅವಳನ್ನು ತಿರುವನಂತಪುರದ ತಂಬಾನೂರಿನ ಲಾಡ್ಜಿನ ಮೆಟ್ಟಿಲಿನಿಂದ ಇಬ್ಬರು ಹಿಡಿದು ಇಳಿಸಬೇಕಾಯಿತು. ಬೋರ್ಡಿನ ಕೋಣೆಯಲ್ಲಿ ಮೂವರು ಡಾಕ್ಟರುಗಳಿದ್ದರು. ಮಧ್ಯದಲ್ಲಿ ಕೂತಿದ್ದ ನರೆಗೂದಲಿನ ಹಿರಿಯರು ಮಲಯಾಳದಲ್ಲಿ, "ತುಂಬ ನೋವಿದೆಯಾ ಮೋಳೇ?" ಎಂದರು.

ವಿನೋದಾ ಬೆನ್ನು ನೆಟ್ಟಗೆ ಮಾಡಲು ಹೋದಳು, ಮುಗುಳ್ನಗಲು ಹೋದಳು. "ಸಾರ—" ಎಂದಳು. ಮುಂದಿನದು ಬರಲಿಲ್ಲ. ಬಾಯಿಂದ ಬಂದದ್ದು ಬೇರೆಯೇ ಸದ್ದು. ದಿನಕರ ಕಾಲು ತುಳಿಯುವ ಅಗತ್ಯ ಬೀಳಲಿಲ್ಲ.

ಮಲಗಿಸಿ ಕಾಲೆತ್ತಿ ನೋಡಿದರು. ಬೆನ್ನು ಒತ್ತಿ ನೋಡಿದರು. ಹಿರಿಯರ ಮುಖದ ಸಂಶಯ ಕರಗುತ್ತ ಬಂದದ್ದನ್ನು ದಿನಕರ ಕಣ್ಣಿಟ್ಟು ನೋಡಿದ.

"ಯಾವ ಮಾತ್ರೆ ಕೊಡುತ್ತೀರಿ?"

ದಿನಕರ ಹೆಸರು ಹೇಳಿದ.

"ಇವತ್ತು ಕೊಟ್ಟಿದ್ದೀರಾ?"

ಕೊಟ್ಟಿಲ್ಲ ಎಂದರೆ, ಕೊಟ್ಟು ನೋಡಿ ಎಂದು ಮನೆಗೆ ಕಳಿಸುತ್ತಾರೆ. ಅವನ ಬುದ್ಧಿಗೆ ಅದು ತಟ್ಟನೆ ಹೊಳೆಯಿತು.

"ಬೆಳಿಗ್ಗೆಯೇ ಕೊಟ್ಟಿದ್ದೇವೆ ಸಾರ್. ಒಂದು ದಿನವೂ ತಪ್ಪಿಸುವುದಿಲ್ಲ."

ಹಿರಿಯರ ಕೈ ನಿಂತಿತು. "ಕೊಟ್ಟೂ ಹೀಗಾ?" ಎಂದವರು ಉಳಿದಿಬ್ಬರ ಜೊತೆ ಇಂಗ್ಲಿಷಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿದರು. ಮತ್ತೆ ರಾಯರ ಕಡೆ ತಿರುಗಿದರು. "ಮಾತ್ರೆಗೂ ಜಗ್ಗದ ನೋವು ಅಂದರೆ ಬೆನ್ನುಹುರಿಯಲ್ಲಿ ಏನೋ ಒತ್ತುತ್ತಿರಬೇಕು. ಸೊಂಟಕ್ಕೆ ಸೂಜಿ ಚುಚ್ಚಿ, ಔಷಧಿಯ ಎಣ್ಣೆ ಬಿಟ್ಟು ಎಕ್ಸರೇ ತೆಗೆಯಬೇಕು. ಇವತ್ತೇ ವಾರ್ಡಿಗೆ ಸೇರಿಸಿ. ಸರ್ಟಿಫಿಕೇಟಿನ ಮಾತು ಆಮೇಲೆ."

"ಅದು ಆಗಲೇಬೇಕಾ ಸಾರ್?" ಎಂದರು ರಾಯರು.

"ನಿಮ್ಮ ಮಗ ಹೇಳಿದ್ದು ನಿಜವಾದರೆ ಆಗಲೇಬೇಕು. ಬೆನ್ನಿಗೆ ಹಾಕುವ ಸೂಜಿ, ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ."

ಹೊರಗಿನ ಮೊಗಸಾಲೆಯಲ್ಲಿ ವಿನೋದಾಳನ್ನು ಗಾಲಿಮಂಚದ ಮೇಲೆ ಮಲಗಿಸಿದ್ದರು. ರಾಯರು ಗೋಡೆಗೆ ಒರಗಿ ನಿಂತರು. ಅಲ್ಲಿ ನೋಡುವಂತೆ ನಟಿಸಲು ಹೂ ಇರಲಿಲ್ಲ.

"ಅಪ್ಪ, ಒಳಗೆ ಹೋಗಿ ಹೇಳಿಬಿಡ್ಲಾ?" ಎಂದ ದಿನಕರ.

"ಹೇಳು ಅಂತ ನಾನು ಹೇಳುದಿಲ್ಲ" ಎಂದರು ರಾಯರು, ಎರಡು ಉಸಿರಿನ ನಡುವೆ. "ಬೇಡ ಅಂತಲೂ ಹೇಳುದಿಲ್ಲ."

ವಿನೋದಾ ತಮ್ಮನ ತೋಳು ಹಿಡಿದು ಬಗ್ಗಿಸಿಕೊಂಡಳು. "ಎಂತದಾ ದಿನಾ, ಈಗ ಸತ್ಯ ಹೇಳುವ ಆಸೆ ಬಂತಾ? ಹೇಳಿದ್ರೆ ಮಾತ್ರೆ ಕೊಟ್ಟು ಮನೆಗೆ ಕಳಿಸ್ತಾರೆ, ಅಷ್ಟೇ. ಆಮೇಲೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ ಅಂತಾದಾಗ ನಾನು ನಿನ್ನ ಮನೆ ಹಿಂದಿನ ಕೋಣೆಯಲ್ಲಿ. ನಿನ್ನ ಹೆಂಡತಿ ಒಳ್ಳೆಯವಳೇ ಇರಬಹುದು. ತಟ್ಟೆ ತಂದು ಬಾಗಿಲಲ್ಲಿ ಇಟ್ಟು, ನಿನಗೆ ಕೇಳುವ ಹಾಗೆ ಉಸಿರು ಬಿಡ್ತಾಳೆ. ಅದು ದಿನಾಲೂ ಇರ್ತದೆ. ಸೂಜಿ ಒಂದು ದಿನದ್ದಲ್ವಾ?"

"ಹಾಗೆಲ್ಲ ಆಗುದಿಲ್ಲ ಅಕ್ಕ" ಎಂದ ದಿನಕರ. ಹೋಗಿ ಹೇಳುತ್ತೇನೆ ಎನ್ನಲಿಲ್ಲ. ಬೋರ್ಡಿನ ಕೋಣೆಯ ಬಾಗಿಲು ತೆರೆದೇ ಇತ್ತು. ಅಷ್ಟರಲ್ಲಿ ಬೆಳಗಿನಿಂದ ಕಾಫಿ ಕುಡಿದಿಲ್ಲವೆಂಬುದು ಅವನಿಗೆ ನೆನಪಾಯಿತು. ಅವನು ಕಾಫಿ ಕುಡಿಯಲು ಹೋದ. ಮರಳಿ ಬಂದಾಗ ಗಾಲಿಮಂಚ ಅಲ್ಲಿರಲಿಲ್ಲ, ಬಾಗಿಲೂ ಮುಚ್ಚಿತ್ತು.

ಮರುದಿನ ಬೆಳಿಗ್ಗೆ ಅಮ್ಮ ರೈಲಿನಲ್ಲಿ ಬಂದಳು. ಸೂಜಿ ಹಾಕಿ, ಎಣ್ಣೆ ಬಿಟ್ಟು, ಮೇಜಿನ ಮೇಲೆ ವಿನೋದಾಳನ್ನು ತಲೆಕೆಳಗಾಗಿ ಓರೆ ಮಾಡಿ ಚಿತ್ರ ತೆಗೆದರು. ಚಿತ್ರದಲ್ಲಿ ಏನೂ ಕಾಣಲಿಲ್ಲ. ಕಾರಣ ಸಿಗದ, ಮಾತ್ರೆಗೆ ಬಗ್ಗದ, ಗುಣವಾಗುವ ಭರವಸೆಯಿಲ್ಲದ ನೋವು, ದುಡಿಯಲು ಶಕ್ತಳಲ್ಲ ಎಂದು ಬೋರ್ಡು ಒಂದು ವಾರದ ನಂತರ ಬರೆಯಿತು, ಮೂವರು ಡಾಕ್ಟರೂ ಸಹಿ ಹಾಕಿದರು. ರಾಯರು ಅದನ್ನು ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ಮತ್ತೆ ಮತ್ತೆ ಓದಿದರು. ಎಷ್ಟೋ ದಿನಗಳ ಮೇಲೆ ಹಸಿವಾಗುತ್ತಿದೆ ಎಂದರು. ಅಲ್ಲೇ ತಲೆ ವಾಲಿಸಿ ನಿದ್ದೆಹೋದರು.

ದಿನಕರ ಜೇಬಿನಿಂದ ಡಬ್ಬಿ ತೆಗೆದ. "ಇನ್ನು ತಗೊಳ್ಳಬಹುದು ಅಕ್ಕ" ಎಂದ, ಹಬ್ಬದ ಸಿಹಿ ಕೊಡುವವನ ಹಾಗೆ. ಅಮ್ಮ ನೀರು ಹಿಡಿದಳು. ವಿನೋದಾ ನುಂಗಿ ಮಲಗಿದಳು.

ಮನೆಯಲ್ಲಾದರೆ ಒಲೆಯ ಮೇಲಿಟ್ಟ ಅನ್ನ ಬೇಯುವಷ್ಟರಲ್ಲಿ ಅವಳ ಹುಬ್ಬಿನ ನಡುವಿನ ಗೆರೆ ಸಡಿಲುತ್ತಿತ್ತು. ತಾಯಿ ಮಗ ಇಬ್ಬರೂ ಆ ಗೆರೆಯನ್ನೇ ನೋಡುತ್ತ ಕೂತರು. ನರ್ಸು ಒಮ್ಮೆ ಬಂದು ಹೋದಳು. ಪಕ್ಕದ ಮಂಚದವರು ಗಂಜಿ ಕುಡಿದು ಪಾತ್ರೆ ತೊಳೆದು ತಂದರು.

"ಹೇಗುಂಟು ಮಗಾ?" ಎಂದಳು ಅಮ್ಮ.

"ಎಡಗಾಲಿನದ್ದು ಹಾಗೇ ಉಂಟು." ವಿನೋದಾ ಹೊದಿಕೆಯ ಅಡಿಯಲ್ಲಿ ಏನನ್ನೋ ಪರೀಕ್ಷಿಸುವವಳಂತೆ ಸ್ವಲ್ಪ ಅಲುಗಾಡಿ, ಅಲ್ಲಿಗೇ ನಿಲ್ಲಿಸಿದಳು. "ಸೂಜಿ ಹಾಕಿದ ಮೇಲೆ ಈಗ ಬಲಗಾಲಿಗೂ ಇಳಿದಿದೆ."

ಅಮ್ಮ ದಿನಕರನ ಕೈಯಿಂದ ಡಬ್ಬಿ ತೆಗೆದುಕೊಂಡು ಇನ್ನೊಂದು ಮಾತ್ರೆಯನ್ನು ಅಂಗೈಗೆ ಸುರಿದಳು.