ಅಕ್ಕ ನೋಡಿದ ಪಾಕ

ಮನೆಯ ಬೀಗವನ್ನು ಮೂರು ಸಲ ಜಗ್ಗಿ ನೋಡಿ, ಬಸ್ ಸ್ಟಾಪಿನಿಂದ ವಾಪಸು ಬಂದು ಇನ್ನೊಂದು ಸಲ ಜಗ್ಗುವವಳು ನಾನು. ಕಾಲೇಜಿನಲ್ಲಿ ಪಾಠ ಹೇಳಿಕೊಂಡಿದ್ದ ಅಂಥವಳು ನಲವತ್ತೇಳನೆಯ ವಯಸ್ಸಿನಲ್ಲಿ ಪಿಎಚ್‌ಡಿಗೆ ಸೇರಿ, ಹದಿನೈದು ಸಾವಿರ ವೋಲ್ಟಿನ ಯಂತ್ರದ ಮುಂದೆ ನಿಂತದ್ದಕ್ಕೆ ಕಾರಣ ಅಕ್ಕನ ಕಾಲು. ಗುಬ್ಬಿ ಹತ್ತಿರದ ಕಡಬದ ನಮ್ಮ ತೋಟದಲ್ಲಿ ತೆಂಗಿನ ಗರಿಯ ಕಡ್ಡಿ ಚುಚ್ಚಿ ಆದ ಗಾಯ. ಸಕ್ಕರೆ ಕಾಯಿಲೆ ಬೇರೆ. ಮಾಯ್ದಂತಾಗಿ ಮತ್ತೆ ಬಾಯಿ ಬಿಡುತ್ತಿತ್ತು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ.

ಎಲೆಕ್ಟ್ರೋಸ್ಪಿನ್ನಿಂಗ್ ಎಂಬ ಈ ಕೆಲಸ ಹೇಳುವುದಕ್ಕೇನೋ ಸುಲಭ. ಪಾಲಿಮರ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಸಿರಿಂಜಿಗೆ ತುಂಬಬೇಕು. ಸೂಜಿಗೂ ಎದುರಿಗೆ ಫಾಯಿಲ್ ಸುತ್ತಿಕೊಂಡು ತಿರುಗುವ ಉರುಳೆಗೂ ನಡುವೆ ಕರೆಂಟಿನ ಸೆಳೆತ ಕೊಟ್ಟರೆ, ಸೂಜಿಯ ತುದಿಯ ಹನಿ ಎಳೆಯಾಗಿ ಹಾರುತ್ತದೆ. ಕೂದಲಿಗಿಂತ ನೂರಾರು ಪಾಲು ತೆಳುವಾದ ಎಳೆ. ಅವೆಲ್ಲ ಉರುಳೆಯ ಮೇಲೆ ಕೂತು ಬಿಳಿ ಪೊರೆಯಾಗುತ್ತವೆ. ಗಾಯಕ್ಕೆ ಹೊದಿಸಿದರೆ ಗಾಳಿಯಾಡುತ್ತದೆ, ಕೊಳೆ ಒಳಗಿಳಿಯುವುದಿಲ್ಲ. ನನ್ನ ಪೊರೆಗಳಲ್ಲಿ ಮಾತ್ರ ಎಳೆಗಿಂತ, ಎಳೆಯಾಗದೆ ಗಂಟುಗಟ್ಟಿದ ಮಣಿಗಳೇ ಹೆಚ್ಚು. “ಸೋಮವಾರದೊಳಗೆ ಮಣಿಯಿಲ್ಲದ ಒಂದೇ ಒಂದು ಪೊರೆ ತೋರಿಸಿ ಮೇಡಂ, ಇಲ್ಲಾಂದ್ರೆ ವಿಷಯ ಬದಲಾಯಿಸೋಣ” ಎಂದಿದ್ದರು, ನನಗಿಂತ ಎಂಟು ವರ್ಷ ಚಿಕ್ಕವರಾದ ನನ್ನ ಗೈಡ್.

ಶನಿವಾರ ಅಕ್ಕ ತುಮಕೂರಿಗೆ ಡ್ರೆಸ್ಸಿಂಗಿಗೆ ಬಂದವಳು ನೇರ ಲ್ಯಾಬಿಗೇ ಬಂದಳು. ಬ್ಯಾಂಡೇಜಿನ ಕಾಲನ್ನು ಇನ್ನೊಂದು ಸ್ಟೂಲಿನ ಮೇಲಿಟ್ಟು ಕೂತು, ಸೂಜಿ ಹನಿ ಉದುರಿಸುವುದನ್ನು ಸ್ವಲ್ಪ ಹೊತ್ತು ನೋಡಿದಳು.

“ಪಾಕ ಬಂದಿಲ್ಲ ಕಣೇ.”

“ಅಕ್ಕ, ಇದು ಬೆಲ್ಲ ಅಲ್ಲ.”

“ಯಾವ್ದಾದ್ರೇನು, ಎಳೆ ಬರ್ಬೇಕು ತಾನೇ? ಕೊಡಿಲ್ಲಿ.”

ನಾನು ಸ್ವಿಚ್ಚು ಆರಿಸಿ, ಆರಿದೆಯೇ ಎಂದು ಎರಡು ಸಲ ನೋಡಿ, ಅವಳ ಕೈಗೆ ಗ್ಲೌಸ್ ತೊಡಿಸಿ, ಬೀಕರಿನಿಂದ ಒಂದು ಹನಿ ಹಾಕಿದೆ. ಅಕ್ಕ ಹೆಬ್ಬೆರಳು ತೋರುಬೆರಳ ನಡುವೆ ಅದನ್ನು ಒತ್ತಿ ಬಿಡಿಸಿದಳು. ಎಳೆಯಿಲ್ಲ.

“ನೀರು ಎಷ್ಟು ಹುಯ್ದೆ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಗಟ್ಟಿಯಾದರೆ ಸೂಜಿ ಕಟ್ಟಿಕೊಂಡೀತೆಂದು ಹೆದರಿ, ಪ್ರತಿ ಸಲವೂ ಬರೆದಿಟ್ಟ ಅಳತೆಗಿಂತ ಕೊಂಚ ಹೆಚ್ಚೇ ನೀರು ಸೇರಿಸುತ್ತಿದ್ದೆ.

“ಶಿವರಾತ್ರಿ ತಂಬಿಟ್ಟಿಗೂ ಹಿಂಗೇ ಮಾಡ್ತಿದ್ದೆ. ಪಾಕ ಕಲ್ಲಾಗೋಯ್ತದೆ ಅಂತ ನೀರು ಹುಯ್ಯೋದು, ಆಮೇಲೆ ಉಂಡೆ ಕಟ್ಟಕ್ಕೆ ಬರ್ದೆ ನನ್ ಮುಖ ನೋಡೋದು. ಭಯ ಹೋಗ್ಲಿಲ್ವಲ್ಲೇ ನಿಂಗೆ.”

ಎಳೆಗೆ ಎಳೆ ಹೆಣೆದುಕೊಳ್ಳುವಷ್ಟು ದಟ್ಟವಿಲ್ಲದಿದ್ದರೆ ದ್ರಾವಣ ಮಣಿಯಾಗುತ್ತದೆಂದು ತರಗತಿಯಲ್ಲಿ ನಾನೇ ಪಾಠ ಮಾಡಿದ್ದೆ. ಪುಡಿ ಹೆಚ್ಚಿಸಿ ಹೊಸದಾಗಿ ಕರಗಲು ಇಟ್ಟೆ. ಕರಗಿ ಆರುವಷ್ಟರಲ್ಲಿ ಮಧ್ಯಾಹ್ನ ತಿರುಗಿತು. ಅಕ್ಕ ಬಸ್ಸನ್ನೂ ಬಿಟ್ಟು, ತಂದಿದ್ದ ರೊಟ್ಟಿಯಲ್ಲಿ ಅರ್ಧ ನನಗೆ ತಿನ್ನಿಸಿ, ಮತ್ತೆ ಬೆರಳು ಚಾಚಿದಳು. ಈ ಸಲ ನಡುವೆ ಸಣ್ಣ ಎಳೆ ನಿಂತಿತು. “ಹೂಂ, ಹಾಕು.”

ಸಿರಿಂಜು ತುಂಬಿ ಸ್ವಿಚ್ಚು ಹಾಕಿ, ಸೂಜಿ ಎಲ್ಲಿ ಕಟ್ಟಿಕೊಳ್ಳುತ್ತದೋ ಎಂದು ಅದರ ತುದಿಯನ್ನೇ ನೋಡುತ್ತ ನಿಂತೆ. ಕಟ್ಟಿಕೊಳ್ಳಲಿಲ್ಲ. ಫಾಯಿಲಿನ ಮೇಲೆ ಬೆಳ್ಳನೆಯ ಮಂಜು ಕೂತಿತು. ಮೈಕ್ರೋಸ್ಕೋಪಿನಡಿ ನೋಡಿದರೆ ಬರೀ ಎಳೆ. ನಂಬಿಕೆಯಾಗದೆ ನಾಲ್ಕು ಕಡೆ ನೋಡಿದೆ.

“ಹಂಗಾದ್ರೆ ನನ್ ಕಾಲಿಗೆ ಹಾಕು” ಎಂದಳು ಅಕ್ಕ.

“ಆಗಲ್ಲ ಅಕ್ಕ. ಈಗ ನೀರು ತಾಗಿದ್ರೆ ಕರ್ಗೋಗ್ತದೆ. ಅದನ್ನ ಸರಿ ಮಾಡ್ಬೇಕು, ಆಮೇಲೆ ಪರೀಕ್ಷೆ, ವರ್ಷಗಟ್ಲೆ ಆಗ್ತದೆ.”

ಅವಳು ತನ್ನ ಕಾಲನ್ನೊಮ್ಮೆ ನೋಡಿಕೊಂಡಳು. “ಬುಡು, ಇನ್ಯಾರಿಗೋ ಆಯ್ತದೆ.”

ಆಸ್ಪತ್ರೆಯಲ್ಲಿ ನರ್ಸ್ ಮಾಮೂಲಿ ಬಟ್ಟೆಯನ್ನೇ ಕಟ್ಟುವಾಗ ಅಕ್ಕನ ಹಿಮ್ಮಡಿ ಹಿಡಿದುಕೊಂಡಿದ್ದೆ. ಅವಳನ್ನು ಗುಬ್ಬಿ ಬಸ್ಸಿಗೆ ಹತ್ತಿಸಿದೆ.

ಸೋಮವಾರ ಗೈಡ್ ಫಾಯಿಲನ್ನು ತಿರುಗಿಸಿ ತಿರುಗಿಸಿ ನೋಡಿ, ವಿಷಯ ಬದಲಾಯಿಸುವುದು ಬೇಡ ಎಂದರು. ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ.

“ಅಳ್ತಿದೀಯೇನೇ?”

“ಇಲ್ಲ, ನೆಗಡಿ.”

“ಸರಿ. ಗುರುವಾರ ಬರ್ತೀನಿ. ಅಲ್ಲಿಗಂಟ ನೀರು ಹುಯ್ಬೇಡ.”