ಬಿಸಾಡಿದ ಹೊಕ್ಕುಳಬಳ್ಳಿ

"ಕಾರ್ಡ್ ಬ್ಲಡ್ ಗ್ಯಾಸ್ ಟೆಸ್ಟ್ ಮಾಡಿಸಿದ್ರಾ?"

ದಿಲ್ಲಿಯ ದೊಡ್ಡ ಆಸ್ಪತ್ರೆಯ ಮಕ್ಕಳ ಡಾಕ್ಟರು ಹಿಂದಿಯಲ್ಲಿ ಹೀಗೆ ಕೇಳಿದಾಗ ಸಲೀಂ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಹಾಗೊಂದು ಪರೀಕ್ಷೆ ಇದೆಯೆಂದೇ ನಮಗೆ ಗೊತ್ತಿರಲಿಲ್ಲ.

ಸಲೀಂನ ಹೆಂಡತಿ ನಫೀಸಾ ನೋಯ್ಡಾದಲ್ಲಿ ನನ್ನ ಆಫೀಸಿನವಳು. ಚಿತ್ರದುರ್ಗದ ಹುಡುಗಿ. ನನ್ನೊಡನೆ ಕನ್ನಡ ಮಾತಾಡಲೆಂದೇ ಲಂಚ್ ಟೈಮ್ ಬದಲಿಸಿಕೊಂಡವಳು. ಆ ಬೆಳಿಗ್ಗೆ ಘಾಜಿಯಾಬಾದಿನ ನರ್ಸಿಂಗ್ ಹೋಮ್ ಒಂದರಲ್ಲಿ ಅವಳಿಗೆ ಹೆಣ್ಣು ಮಗು ಹುಟ್ಟಿತು. ಅಳಲಿಲ್ಲ. ಬೆನ್ನು ಉಜ್ಜಿದರು, ಆಕ್ಸಿಜನ್ ಹಿಡಿದರು, ಕೊನೆಗೆ ಆಂಬುಲೆನ್ಸ್ ಕರೆಸಿದರು. ತಾಯಿ ಅಲ್ಲೇ ಉಳಿದಳು, ಮಗು ದಿಲ್ಲಿಗೆ ಬಂತು.

ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ತುಂಡಿನಿಂದ ರಕ್ತ ತೆಗೆದು ಪರೀಕ್ಷಿಸಿದರೆ, ಹೆರಿಗೆಯ ಹೊತ್ತಿನಲ್ಲಿ ಮಗುವಿಗೆ ಆಮ್ಲಜನಕ ಕಡಿಮೆಯಾಗಿತ್ತೇ ಎಂಬ ಸುಳಿವು ಸಿಗುತ್ತದೆ. (ಸೂಜಿ ಚುಚ್ಚುವುದು ಬಳ್ಳಿಗೆ. ಮಗುವಿಗೆ ನೋವೂ ಇಲ್ಲ.)

ನರ್ಸಿಂಗ್ ಹೋಮಿಗೆ ಫೋನ್ ಮಾಡಿದೆ.

"ವೋ ತೋ ಫೇಂಕ್ ದಿಯಾ, ದೀದಿ," ಎಂದಳು ನರ್ಸ್. ಎಸೆದುಬಿಟ್ಟಿದ್ದರು. ಪರೀಕ್ಷೆಯ ಮಶೀನೂ ಅವರಲ್ಲಿ ಇರಲಿಲ್ಲ. ಅವಳ ದನಿಯಲ್ಲಿ ಅಳುಕಿರಲಿಲ್ಲ. ಯಾಕಿರಬೇಕು? ದಿನವೂ ಎಸೆಯುವುದನ್ನೇ ಎಸೆದಿದ್ದಳು.

ಮಗು ನಾಲ್ಕು ದಿನ ಬದುಕಿತ್ತು. ನಫೀಸಾ ವ್ಹೀಲ್‌ಚೇರಿನಲ್ಲಿ ಬಂದು, ಗಾಜಿನ ಈಚೆಯಿಂದ ಎರಡು ಸಲ ನೋಡಿದಳು. ಅಷ್ಟೇ.

ಆಮೇಲೆ ಪ್ರಶ್ನೆಗಳು ಶುರುವಾದವು. ಊರಿಂದ ಬಂದ ಅತ್ತೆ ಮೆತ್ತಗೇ ಕೇಳಿದರು: "ಎಂಟು ತಿಂಗಳ ತನಕ ಆ ಆಫೀಸು ಕ್ಯಾಬಲ್ಲಿ ಕುಲುಕ್ಕೊಂಡು ಓಡಾಡ್ಬೇಕಿತ್ತಾ, ಅಮ್ಮಾ?" ಪಕ್ಕದ ಫ್ಲ್ಯಾಟಿನಾಕೆ, ನಫೀಸಾ ಪಪ್ಪಾಯಿ ತಿಂದಿದ್ದಳೇ ಎಂದು ವಿಚಾರಿಸಿದಳು. ಹಾಗೆಲ್ಲ ಕೇಳಬೇಡಿ ಅಂತ ಸಲೀಂ ಯಾರಿಗೂ ಹೇಳಲಿಲ್ಲ.

ಕಳೆದ ಭಾನುವಾರ ಹೋಗಿದ್ದೆ. ನಫೀಸಾ ಕೆಲಸಕ್ಕೆ ರಾಜೀನಾಮೆ ಕಳಿಸಿಯಾಗಿತ್ತು.

"ಅಕ್ಕಾ, ಹೆರಿಗೆ ಹೊತ್ತಲ್ಲಿ ಆಗಿದ್ದೋ, ಮೊದ್ಲೇ ಆಗಿದ್ದೋ, ಯಾರಾದ್ರೂ ಹೇಳ್ತಾರಾ?"

"ಇನ್ನು ಖಚಿತವಾಗಿ ಹೇಳಕ್ಕಾಗಲ್ಲ ಅಂದ್ರು ಡಾಕ್ಟರು."

"ಹಾಗಾದ್ರೆ ನನ್ನ ಓಡಾಟದಿಂದ್ಲೇ ಇರ್ಬಹುದು."

ನಿನ್ನದೇನೂ ತಪ್ಪಿಲ್ಲ ಎಂದೆ. ರಿಪೋರ್ಟ್ ಎಲ್ಲಿ ಎಂಬಂತೆ ನನ್ನನ್ನೇ ನೋಡಿದಳು. (ಸಾಫ್ಟ್‌ವೇರ್ ಟೆಸ್ಟರ್ ಅವಳು. ಆಧಾರವಿಲ್ಲದ ಮಾತು ನಂಬಿ ಅಭ್ಯಾಸವಿಲ್ಲ.) ಅವಳ ಕೈ ಹಿಡಿದು ಕೂತೆ. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.

ಸಿರಿಂಜಿನಷ್ಟು ರಕ್ತ ಆ ಮಗುವನ್ನು ಉಳಿಸುತ್ತಿರಲಿಲ್ಲ, ನನಗೆ ಗೊತ್ತು. ತಾಯಿಗಾದರೂ ಒಂದು ಉತ್ತರ ಸಿಗುತ್ತಿತ್ತೇನೋ. ಹೆರಿಗೆ ಕೋಣೆಯಲ್ಲಿ ಏನಾಯಿತೆಂದು ಮೊನ್ನೆ ಸಲೀಂ ಕೇಳಲು ಹೋದರೆ, ನಮ್ಮಲ್ಲಿ ತಪ್ಪಾಯಿತೆನ್ನಲು ದಾಖಲೆ ತನ್ನಿ ಎಂದರಂತೆ ನರ್ಸಿಂಗ್ ಹೋಮಿನವರು.

ತಾಯಿಯನ್ನು ಕೇಳಲು ಮಾತ್ರ ಯಾರಿಗೂ ಯಾವ ದಾಖಲೆಯೂ ಬೇಕಾಗಲಿಲ್ಲ.